ಮಿಸೌರಿಯಲ್ಲಿ ವಸಂತದ ಟರ್ಕಿ ಬೇಟೆ: ಕಾಲಿಟ್ಟೇ ಇಲ್ಲದ ಕಾಡು, ನಾಲ್ಕು ದಿನದ ರಜೆ

ತುಂಗಾತೀರ (ನೇಪರ್‌ವಿಲ್, ಇಲಿನಾಯ್)

ಎಲ್ಲರಿಗೂ ನಮಸ್ಕಾರ. ಎರಡು ವಸಂತ ಸಹೋದ್ಯೋಗಿಯ ಮಾವನ ಜಮೀನಿನಲ್ಲಿ ಕಾಡು ಟರ್ಕಿ ಕೋಳಿಯ ಬೇಟೆಯಾಡಿದ್ದೇನೆ. ಹುಂಜ ರಾತ್ರಿ ಯಾವ ಮರದಲ್ಲಿ ಕೂರುತ್ತದೆ ಎಂದು ಮನೆಯವರೇ ಬೆರಳು ಮಾಡಿ ತೋರಿಸುತ್ತಿದ್ದರು. ಈ ಸಲ ಮಿಸೌರಿಯ ಮಾರ್ಕ್ ಟ್ವೈನ್ ರಾಷ್ಟ್ರೀಯ ಅರಣ್ಯಕ್ಕೆ ಒಬ್ಬನೇ ಹೋಗಬೇಕೆಂದಿದ್ದೇನೆ. ಬೇಟೆಯ ಋತು ಆರಂಭವಾಗುವ ಸೋಮವಾರಕ್ಕೆ ಮೊದಲಿನ ಶುಕ್ರವಾರ ಸಂಜೆ ಹೊರಟು ಮಂಗಳವಾರ ರಾತ್ರಿ ಮರಳುವ ಲೆಕ್ಕ. ಸೇಲಂ ಊರಿನ ಸುತ್ತಮುತ್ತ ಎಂಬುದಷ್ಟೇ ಸದ್ಯದ ಅಂದಾಜು.

ಕಾಡು ಸುಮಾರು 15 ಲಕ್ಷ ಎಕರೆ. ಆದರೆ ನಕಾಶೆಯಲ್ಲಿ ಅದು ಚೂರುಚೂರಾಗಿದೆ, ನಡುನಡುವೆ ಖಾಸಗಿ ಜಮೀನು. ತೀರ್ಥಹಳ್ಳಿಯಲ್ಲಿ ನಮ್ಮ ಅಜ್ಜನ ಬಳಿ ಬೆಳೆ ರಕ್ಷಣೆಯ ಪರವಾನಗಿಯ ಕೇಪಿನ ಕೋವಿ ಇತ್ತು. ಕೋವಿ ಹಿಡಿದು ಇನ್ನೊಬ್ಬರ ಬೇಲಿ ದಾಟುವವರನ್ನು ಅವರು ಮನೆಯ ಜಗಲಿಗೂ ಹತ್ತಿಸುತ್ತಿರಲಿಲ್ಲ. ಗೊತ್ತಿಲ್ಲದೆಯೂ ನಾನು ಹಾಗೆ ದಾಟಬಾರದು. ಎಲ್ಲಿಂದ ಶುರು ಮಾಡಲಿ? ಇನ್ನೊಂದು ವಿಷಯ, ನಾನು ಎಚ್‌1ಬಿ ವೀಸಾದಲ್ಲಿದ್ದೇನೆ.

ಓಕ್ ನೆರಳು (ಕೊಲಂಬಿಯಾ, ಮಿಸೌರಿ)

ತುಂಗಾತೀರ ಅವರೇ, ಶನಿವಾರ, ಭಾನುವಾರ ಎರಡೂ ದಿನ ಕೋವಿ ಮುಟ್ಟಬೇಡಿ. ಹೇಂಟೆಯ ಕೂಗನ್ನೂ ಕೂಗಬೇಡಿ, ಕೇಳಿಸಿಕೊಳ್ಳಿ ಸಾಕು. ಬರೀ ಕೂಗು ನಂಬಿ ಬಂದು ಹೇಂಟೆ ಕಾಣದೆ ಮರಳಿದ ಹುಂಜ, ಸೋಮವಾರ ನೀವು ಕೂಗಿದಾಗ ಬರುವುದಿಲ್ಲ.

ಬೆಳಿಗ್ಗೆ ಐದೂವರೆಗೆ ಅರಣ್ಯದ ಜಲ್ಲಿ ರಸ್ತೆಯಲ್ಲಿ ಕಾರು ನಿಲ್ಲಿಸಿ, ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಹತ್ತು ನಿಮಿಷ ನಿಲ್ಲಿ. ಆಮೇಲೆ ಒಂದು ಮೈಲಿ ಮುಂದೆ ಹೋಗಿ ಮತ್ತೆ ನಿಲ್ಲಿ. ಸಂಜೆ ಕತ್ತಲಾಗುವಾಗ ಗೂಬೆಯ ಹಾಗೆ ಕೂಗಿದರೆ, ಮರ ಹತ್ತಿ ಕೂತ ಹುಂಜ ಎಷ್ಟೋ ಸಲ ತಡೆಯಲಾರದೆ ಓಗೊಡುತ್ತದೆ. ಆ ಜಾಗವನ್ನು ಮೊಬೈಲ್ ನಕಾಶೆಯಲ್ಲಿ ಗುರುತು ಮಾಡಿಕೊಳ್ಳಿ. ಕಣಿವೆಗಳಲ್ಲಿ ಸಿಗ್ನಲ್ ನಂಬಬೇಡಿ, ಜಮೀನಿನ ಗಡಿ ತೋರಿಸುವ ನಕಾಶೆಯನ್ನು ಮನೆಯಲ್ಲೇ ಇಳಿಸಿಕೊಂಡು ಬನ್ನಿ. ಮರದ ಬೊಡ್ಡೆಗೋ ಬೇಲಿಕಂಬಕ್ಕೋ ನೇರಳೆ ಬಣ್ಣ ಬಳಿದಿದ್ದರೆ, ಇಲ್ಲಿನ ಕಾನೂನಿನಲ್ಲಿ ಅದು ‘ಪ್ರವೇಶವಿಲ್ಲ’ ಎಂಬ ಫಲಕಕ್ಕೆ ಸಮ. ನಿಮ್ಮ ಅಜ್ಜನ ಮಾತು ಅಲ್ಲಿ ನೆನಪಾಗಲಿ.

ಮೂರು ಜಾಗ ಸಾಕು. ಗುಡ್ಡದ ನೆತ್ತಿಯ ಮೇಲೆ ಹಳೆಯ ಮರಸಾಗಣೆಯ ದಾರಿ ಇರುವ ಕಡೆ ಹುಡುಕಿ. ಅಲ್ಲಿನ ಮಣ್ಣಿನಲ್ಲಿ ಹುಂಜ ರೆಕ್ಕೆಯ ತುದಿ ಎಳೆದು ಕುಣಿದ ಗೀರುಗಳು ಕಾಣುತ್ತವೆ.

ಸೋಮವಾರ ಎಂಟು ಗಂಟೆಗೆ ಕಾಡು ಮೌನವಾದರೆ ಎದ್ದು ಬರಬೇಡಿ. ಹುಂಜ ಹೇಂಟೆಗಳ ಜೊತೆ ಇರುತ್ತದೆ. ಅವು ಗೂಡಿಗೆ ಹೋದ ಮೇಲೆ, ಒಂಬತ್ತು-ಹತ್ತರ ಹೊತ್ತಿಗೆ, ಅದು ಒಂಟಿಯಾಗಿ ಅಲೆಯುತ್ತದೆ. ನಾನು ಮೊದಲ ವರ್ಷ ಎದ್ದೆ. ಇಪ್ಪತ್ತು ಹೆಜ್ಜೆ ಇಟ್ಟಿರಲಿಲ್ಲ, ಬೆನ್ನ ಹಿಂದೆ ರೆಕ್ಕೆ ಬಡಿದ ಸದ್ದು. ನಾನು ಒರಗಿ ಕೂತಿದ್ದ ಓಕ್ ಮರದ ಆಚೆ ಬದಿಯಿಂದಲೇ ಹಾರಿತ್ತು. ಆಮೇಲಿನ ವರ್ಷ ಕೂತೇ ಇದ್ದೆ. ಹತ್ತೂಕಾಲಕ್ಕೆ ಮೊದಲು ಬಂದದ್ದು ಕೂಗಲ್ಲ, ದೂರದಲ್ಲಿ ಲಾರಿ ಗುಡುಗಿದಂಥ ಗುಂಯ್ ಎಂಬ ಕಂಪನ. ಡಾಗ್‌ವುಡ್‌ನ ಬಿಳಿ ಹೂಗಳ ಸಂದಿಯಿಂದ ಬಿಳಿಯ ನೆತ್ತಿ, ನೀಲಿ ಮುಖ, ಕೆಂಪು ಕೊರಳು ಒಂದೊಂದಾಗಿ ಕಂಡವು.

ಸಾರ್ವಜನಿಕ ಜಮೀನಿನಲ್ಲಿ ಮಧ್ಯಾಹ್ನ ಒಂದಕ್ಕೆ ಬೇಟೆ ನಿಲ್ಲಬೇಕು. ಮೊದಲ ವಾರ ಒಂದೇ ಹಕ್ಕಿ. ರೈಫಲ್ ಕೂಡದು, ಚರೆ 4ನೇ ನಂಬರಿಗಿಂತ ದಪ್ಪ ಇರಬಾರದು. 1967ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆ ಶಿಕ್ಷಣದ ಪ್ರಮಾಣಪತ್ರ ಬೇಕು. ಹೊಡೆದ ಹಕ್ಕಿಯನ್ನು ಅದೇ ದಿನ ಟೆಲಿಚೆಕ್ ಎಂಬ ಮಿಸೌರಿಯ ಬೇಟೆ ನೋಂದಣಿ ವ್ಯವಸ್ಥೆಯಲ್ಲಿ ದಾಖಲಿಸಿ.

ಗ್ರೀನ್‌ಕಾರ್ಡ್ ಸಾಲಿನಲ್ಲಿ (ಡಲ್ಲಾಸ್)

ವೀಸಾ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಎಚ್‌1ಬಿಯಂಥ ವಲಸೆಯೇತರ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ಅವಧಿ ಮುಗಿದ ದಿನ ವಿನಾಯಿತಿಯೂ ಹೋಗುತ್ತದೆ. ನಿಮ್ಮದರ ದಿನಾಂಕವನ್ನು ಇಂದೇ ನೋಡಿ. ದಾರಿಯಲ್ಲಿ ಕೋವಿ ಖಾಲಿಯಾಗಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಕಾರಿನ ಡಿಕ್ಕಿಯಲ್ಲಿರಲಿ.

ಸಾಗರದ ಹುಡುಗಿ (ಸೇಂಟ್ ಲೂಯಿಸ್)

ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ, ಕರವಸ್ತ್ರವೂ ಬೇಡ. ಅವು ಹುಂಜದ ತಲೆಯ ಬಣ್ಣಗಳು. ಹೋದ ವರ್ಷ ನಾನು ಹೇಂಟೆಯ ಕೂಗು ಕೂಗುತ್ತಿದ್ದಾಗ ಇನ್ನೊಬ್ಬ ಬೇಟೆಗಾರ ಕೋವಿ ಹಿಡಿದು ನನ್ನತ್ತಲೇ ತೆವಳುತ್ತಿದ್ದ. ಕೈ ಬೀಸಲಿಲ್ಲ, ಮಿಸುಕಲಿಲ್ಲ. ‘ಇಲ್ಲಿ ಮನುಷ್ಯರಿದ್ದಾರೆ’ ಎಂದು ಗಟ್ಟಿಯಾಗಿ ಕೂಗಿದೆ. ನಿಮ್ಮ ಭುಜಕ್ಕಿಂತ ಅಗಲದ ಮರಕ್ಕೆ ಒರಗಿ ಕೂರಿ. ಹಕ್ಕಿ ಹೊತ್ತು ಬರುವಾಗ ಕಿತ್ತಳೆ ಬಟ್ಟೆ ಸುತ್ತಿ.

ಮಂಗನ ಕಾಯಿಲೆ ಕಂಡ ಸೀಮೆಯವರಿಗೆ ಉಣುಗಿನ ಭಯ ಹೇಳಿಕೊಡಬೇಕಿಲ್ಲ. ಇಲ್ಲಿನದು ಲೋನ್ ಸ್ಟಾರ್ ಉಣುಗು, ಹೆಣ್ಣಿನ ಬೆನ್ನ ಮೇಲೆ ಬಿಳಿ ಚುಕ್ಕೆ ಇರುತ್ತದೆ. ಅದು ಕಚ್ಚಿದ ಕೆಲವರಿಗೆ ಹಂದಿ, ಕುರಿ, ದನದ ಮಾಂಸ ಒಗ್ಗದಂತಾಗುತ್ತದೆ. ಹೊರಡುವ ಮುನ್ನ ಬಟ್ಟೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿ. ಮೈಗೆ ಹಚ್ಚಬೇಡಿ.

ತುಂಗಾತೀರ

ಪರವಾನಗಿ ತೆಗೆದು ನೋಡಿದೆ, ಮಾರ್ಚ್ 31ಕ್ಕೆ ಮುಗಿಯುತ್ತಿತ್ತು. ಈಗಲೇ ನವೀಕರಿಸುತ್ತಿದ್ದೇನೆ. ಡಲ್ಲಾಸಿನವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಸಾಗರದ ಅಕ್ಕ, ಕೆಂಪು ಟೋಪಿಯನ್ನು ಚೀಲದಿಂದ ತೆಗೆದಿಟ್ಟೆ. ಓಕ್ ನೆರಳು ಅಣ್ಣ, ಎರಡು ದಿನ ಬರೀ ಕೇಳುವುದಾದರೆ ಬೇಟೆಗೆ ಎರಡೇ ಬೆಳಗು ಉಳಿಯುತ್ತವೆ. ಬುಧವಾರಕ್ಕೂ ರಜೆ ಕೇಳಿದ್ದೇನೆ.