ಲೇಡಿಬೋವರ್ ಕಡೆ ಓಡೋಕೆ ಯಾವ ದಾರಿ?

ಮೈಸೂರಿನವ: ಇಂಗ್ಲೆಂಡಿನ ಶೆಫೀಲ್ಡ್‌ಗೆ ಬಂದು ಮೂರು ತಿಂಗಳಾಯಿತು. ಚಾಮುಂಡಿ ಬೆಟ್ಟದ ಮೆಟ್ಟಿಲು ಓಡಿ ಹತ್ತಿದ ಅಭ್ಯಾಸ ಇದೆ. ಲೇಡಿಬೋವರ್ ಜಲಾಶಯದ ಸುತ್ತ ಎಲ್ಲಿ ಓಡಲಿ? ಕಾರಿಲ್ಲ.

ಗುಡ್ಡದಾರಿ: ರೈಲು ಹತ್ತಿ ಬ್ಯಾಮ್‌ಫರ್ಡ್‌ನಲ್ಲಿ ಇಳಿಯಿರಿ. ಅಲ್ಲಿಂದ 462 ಮೀಟರ್ ಎತ್ತರದ ವಿನ್ ಹಿಲ್ ಹತ್ತಿದರೆ ನೆತ್ತಿಯ ಬಂಡೆಯಿಂದ ಜಲಾಶಯ ಕಾಣುತ್ತದೆ, ಆಗಸ್ಟ್‌ನಲ್ಲಾದರೆ ಸುತ್ತಲೂ ಹೆದರ್ ಗಿಡಗಳು ನೇರಳೆ ಹೂ ಬಿಟ್ಟಿರುತ್ತವೆ, ನೋಡಲೇಬೇಕು. ಅಣೆಕಟ್ಟೆ ಕಡೆಯ ಇಳಿಜಾರು ತುಂಬಾ ಕಡಿದಾಗಿದೆ, ಮರದ ಬೇರುಗಳ ಮೇಲೆ ಕಾಲು ಜಾರುತ್ತದೆ. ಅಲ್ಲಿ ಓಡಬೇಡಿ.

ಮಳೆಹನಿ: ಮೊದಲ ಸಲಕ್ಕೆ ಜಲಾಶಯದ ಮೇಲ್ಗಡೆ ಇರೋ ಬಂಡೆಗಳ ಸಾಲು ಡರ್ವೆಂಟ್ ಎಡ್ಜ್ ಒಳ್ಳೆಯದು ಅಲ್ವಾ? ಮೇಲೆ ಕಲ್ಲುಚಪ್ಪಡಿ ಹಾಸಿದ್ದಾರೆ. ಚಪ್ಪಡಿ ಬಿಟ್ಟು ಪಕ್ಕಕ್ಕೆ ಹೋದರೆ ಕಪ್ಪು ಪೀಟ್ (ಕೊಳೆತ ಗಿಡಗಳಿಂದಾದ ಮಣ್ಣು) ಕೆಸರು, ನನ್ನ ಕಾಲು ಮೊಣಕಾಲಿನವರೆಗೆ ಹೂತು ಶೂ ಒಳಗೇ ಉಳಿಯಿತು, ಕೈಹಾಕಿ ತೆಗೆದೆ. ಮಂಜು ಬೇಗ ಕವಿಯುತ್ತದೆ. ಮ್ಯಾಪು, ದಿಕ್ಸೂಚಿ, ಮಳೆ ಜಾಕೆಟ್ ಇಲ್ಲದೆ ಹೋಗಬೇಡಿ.

ಮೈಸೂರಿನವ: ಥ್ಯಾಂಕ್ಸ್ ಇಬ್ಬರಿಗೂ. ಶನಿವಾರ ವಿನ್ ಹಿಲ್‌ಗೆ ಹೊರಟೆ.