ಮೊದಲ ಗೇಮಿಂಗ್ ಪಿಸಿ: ಈ ಪಾರ್ಟ್ಸ್ ಒಂದಕ್ಕೊಂದು ಹೊಂದುತ್ತವಾ?

ಕ್ಯಾತ್ಸಂದ್ರ_ಗೇಮರ್:
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಮೊದಲ ಸಲ ಪಿಸಿ ಜೋಡಿಸಬೇಕು. 1080ಪಿ ಮಾನಿಟರ್ ಮನೆಯಲ್ಲಿದೆ. ವ್ಯಾಲರಂಟ್, ಜಿಟಿಎ 5 ಚೆನ್ನಾಗಿ ಓಡಿದರೆ ಸಾಕು. ನನ್ನ ಪಟ್ಟಿ ಇದು: ರೈಜೆನ್ 5 5600 ಪ್ರೊಸೆಸರ್, ಸೆಕೆಂಡ್ ಹ್ಯಾಂಡ್ ಬಿ450 ಮದರ್‌ಬೋರ್ಡ್, 16 ಜಿಬಿ ಡಿಡಿಆರ್5 ರ‍್ಯಾಮ್ ಒಂದು ಸ್ಟಿಕ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಕ್ಯಾಬಿನೆಟ್ ಜೊತೆಗೇ ಬರುವ 500 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಇಲ್ಲಿನ ಒಂದು ಅಂಗಡಿಯಲ್ಲಿ ಇದಕ್ಕಿಂತ ಕಡಿಮೆಗೆ ಐ7 3770, 16 ಜಿಬಿ ರ‍್ಯಾಮ್, ಜಿಟಿ 730 4 ಜಿಬಿ ಕಾರ್ಡ್ ಇರುವ ಫುಲ್ ಸೆಟ್ ಕೊಡುತ್ತೇವೆ ಅಂದರು. ಯಾವುದು ತಗೊಳ್ಳಲಿ?

ಗುಬ್ಬಿ_ಬಿಲ್ಡರ್:
ತಮ್ಮಾ, ನಿನ್ನ ಪ್ರೊಸೆಸರ್ ಮತ್ತು ಕಾರ್ಡ್ ಒಳ್ಳೆಯ ಜೋಡಿ. ಅವೆರಡನ್ನು ಬದಲಿಸಬೇಡ.

ರ‍್ಯಾಮ್ ಮಾತ್ರ ಹೊಂದುವುದೇ ಇಲ್ಲ. 5600 ಕೂರುವುದು ಎಎಂ4 ಸಾಕೆಟ್‌ನಲ್ಲಿ. ಅದಕ್ಕೆ ಡಿಡಿಆರ್4 ಬೇಕು. ಡಿಡಿಆರ್5 ಸ್ಟಿಕ್‌ನ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಜೋರು ಮಾಡಿದರೆ ಸ್ಲಾಟ್ ಹಾಳಾಗುತ್ತದೆ. 3200 ವೇಗದ 8 ಜಿಬಿ ಸ್ಟಿಕ್ ಎರಡು ತಗೋ. ಎರಡಿದ್ದರೆ ಡ್ಯುಯಲ್ ಚಾನೆಲ್ ಸಿಗುತ್ತದೆ, ಅಂದರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ, ಗೇಮ್‌ನಲ್ಲಿ ವ್ಯತ್ಯಾಸ ಕಾಣುತ್ತದೆ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಎರಡನೆಯದು, ನಾಲ್ಕನೆಯದರಲ್ಲಿ ಹಾಕಬೇಕು. ಆಮೇಲೆ ಬಯೋಸ್‌ನಲ್ಲಿ (ಬೋರ್ಡ್‌ನ ಒಳಗಿನ ಮೂಲ ಸಾಫ್ಟ್‌ವೇರ್) ಎಕ್ಸ್‌ಎಂಪಿ ಆನ್ ಮಾಡು, ಆಗಲೇ ರ‍್ಯಾಮ್ ಪೂರ್ತಿ ವೇಗದಲ್ಲಿ ಓಡುವುದು.

ಬೋರ್ಡ್ ವಿಷಯ. ಬಿ450 ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ಹಳೆಯ ಬಯೋಸ್ ಇದ್ದರೆ ಫ್ಯಾನ್ ತಿರುಗುತ್ತದೆ, ಡಿಸ್ಪ್ಲೇ ಬರುವುದಿಲ್ಲ. ಮಾರುವವರ ಹತ್ತಿರವೇ ಬಯೋಸ್ ಅಪ್‌ಡೇಟ್ ಮಾಡಿಸಿ, ಆನ್ ಮಾಡಿ ತೋರಿಸಿದ ಮೇಲೆ ದುಡ್ಡು ಕೊಡು. ಅದಾಗದಿದ್ದರೆ ವಾರಂಟಿ ಇರುವ ಹೊಸ ಬಿ550 ನೋಡು.

ನನಗೆ ಜಾಸ್ತಿ ಭಯ ಇರುವುದು ಆ ಎಸ್‌ಎಂಪಿಎಸ್ ಬಗ್ಗೆ. ಡಬ್ಬದ ಮೇಲೆ 500 ವ್ಯಾಟ್ ಅಂತ ಬರೆದಿರುವುದನ್ನು ನಂಬಬೇಡ. ಪಕ್ಕದ ಸ್ಟಿಕ್ಕರ್‌ನಲ್ಲಿ 12 ವೋಲ್ಟ್ ಸಾಲು ಓದು. ಅಲ್ಲಿ 20 ಆಂಪ್ ಇದ್ದರೆ ಆ ಸಾಲಿನಲ್ಲಿ ಸಿಗುವುದು 240 ವ್ಯಾಟ್ ಅಷ್ಟೇ. ಕಾರ್ಡ್ ಒಂದಕ್ಕೇ 132 ವ್ಯಾಟ್, ಪ್ರೊಸೆಸರ್‌ನ ಟಿಡಿಪಿ (ವ್ಯಾಟ್ ರೇಟಿಂಗ್) 65. ಉಸಿರಾಡಲೂ ಜಾಗ ಉಳಿಯುವುದಿಲ್ಲ. ಇಂಥ ಅಗ್ಗದ ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ಕಾರ್ಡ್‌ಗೆ ಬೇಕಾದ 8 ಪಿನ್ ಕೇಬಲ್ಲೂ ಇರುವುದಿಲ್ಲ. ಕನ್ವರ್ಟರ್ ಹಾಕಿಕೊಡುತ್ತೇವೆ ಅಂದರೆ ಬೇಡ ಅನ್ನು. ಅಗ್ಗದ ಎಸ್‌ಎಂಪಿಎಸ್ ಕೆಟ್ಟರೆ ಬೋರ್ಡ್, ಕಾರ್ಡ್ ಎರಡನ್ನೂ ಎಳೆದುಕೊಂಡು ಹೋಗಬಹುದು. ಕ್ಯಾಬಿನೆಟ್ ಖಾಲಿ ತಗೊಂಡು, 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ ಪ್ರಮಾಣಪತ್ರ) ಇರುವ ಒಳ್ಳೆಯ ಕಂಪನಿಯ 550 ವ್ಯಾಟ್ ಬೇರೆಯಾಗಿ ಕೊಂಡುಕೋ. ದುಡ್ಡು ಸಾಲದಿದ್ದರೆ ಬಣ್ಣದ ಲೈಟಿನ ಫ್ಯಾನ್ ಬಿಡು, ಇದನ್ನು ಬಿಡಬೇಡ.

ಹಳೇ_ಬೋರ್ಡ್:
ಐ7 ಸೆಟ್ ಬೇಡವೇ ಬೇಡ. 3770 2012ರ ಪ್ರೊಸೆಸರ್. ಹೆಸರಲ್ಲಿ 7 ಇದೆ ಅಂತ 5600ಗಿಂತ ವೇಗ ಅಲ್ಲ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೂ ಅದಿಲ್ಲ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. ವಿಂಡೋಸ್ 11ರಲ್ಲಿ ವ್ಯಾಲರಂಟ್‌ಗೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ಸೌಲಭ್ಯಗಳು ಬೇಕು. ಜಿಟಿ 730 ಬಂದದ್ದು 2014ರಲ್ಲಿ. 4 ಜಿಬಿ ಅನ್ನುವುದು ಮೆಮೊರಿ ಎಷ್ಟು ಅಂತ ಹೇಳುತ್ತದೆ, ಕಾರ್ಡ್ ಎಷ್ಟು ಗಟ್ಟಿ ಅಂತಲ್ಲ.

ಕ್ಯಾತ್ಸಂದ್ರ_ಗೇಮರ್:
ತುಂಬಾ ಥ್ಯಾಂಕ್ಸ್ ಅಣ್ಣ. ಎಸ್‌ಎಂಪಿಎಸ್ ಸೇರಿಸಿದರೆ ಬಜೆಟ್ ಮೀರುತ್ತದೆ. ಈಗ 5600ಜಿ ಹಾಕಿ, ಕಾರ್ಡ್ ಆಮೇಲೆ ತಗೊಂಡರೆ ಆಗುತ್ತಾ? ಮನೆಯಲ್ಲಿ ಕರೆಂಟ್ ಆಗಾಗ ಹೋಗುತ್ತದೆ, 600 ವಿಎ ಯುಪಿಎಸ್ ಇದೆ.

ಗುಬ್ಬಿ_ಬಿಲ್ಡರ್:
ಆಗುತ್ತದೆ. 5600ಜಿಯಲ್ಲಿ ಗ್ರಾಫಿಕ್ಸ್ ಒಳಗೇ ಇದೆ, ಸೆಟ್ಟಿಂಗ್ ಇಳಿಸಿದರೆ ವ್ಯಾಲರಂಟ್ ಓಡುತ್ತದೆ. ಆದರೆ ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರದು 32. ಮುಂದೆ ಕಾರ್ಡ್ ಹಾಕಿದಾಗ 5600 ಮುಂದಿರುತ್ತದೆ. ಸ್ವಲ್ಪ ದಿನ ಕಾಯಲು ಆಗುವುದಾದರೆ ಕಾದು 5600, ಕಾರ್ಡ್ ಒಟ್ಟಿಗೇ ತಗೋ. ಈ ಸೆಮಿಸ್ಟರ್‌ನಲ್ಲೇ ಓದಿಗೂ ಪಿಸಿ ಬೇಕೇಬೇಕು ಅಂದರೆ 5600ಜಿ ಹಾಕು, ತಪ್ಪೇನಿಲ್ಲ. ಆಗಲೂ 550 ವ್ಯಾಟ್ ಎಸ್‌ಎಂಪಿಎಸ್ಸೇ ಇರಲಿ.

600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತದೆ. ಗೇಮ್ ಸೇವ್ ಮಾಡಿ ಶಟ್‌ಡೌನ್ ಮಾಡಲು ಸಾಕು, ಆಡುತ್ತಾ ಕೂರಲು ಅಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗುವ ಮೊದಲು ತುಮಕೂರಿನಲ್ಲೂ ಎರಡು ಕಡೆ ರೇಟ್ ಕೇಳು. ವಾರಂಟಿಗೆ ಪ್ರತಿ ಸಲ ಬೆಂಗಳೂರಿಗೆ ಓಡುವುದು ಕಷ್ಟ ಅಲ್ವಾ. ಪ್ರತಿ ಪಾರ್ಟ್‌ನ ಸೀರಿಯಲ್ ನಂಬರ್ ಬಿಲ್‌ನಲ್ಲಿ ಬರೆಸು. 5600 ಹಾಕಿದರೆ ಎಚ್‌ಡಿಎಂಐ ಕೇಬಲ್ ಕಾರ್ಡ್‌ಗೇ ಚುಚ್ಚು, ಬೋರ್ಡ್‌ನ ಪೋರ್ಟ್‌ನಲ್ಲಿ ಡಿಸ್ಪ್ಲೇ ಬರುವುದಿಲ್ಲ. ಹೊಸ ಪಟ್ಟಿ ಇಲ್ಲೇ ಹಾಕು, ದುಡ್ಡು ಕೊಡುವ ಮೊದಲು ಇನ್ನೊಮ್ಮೆ ನೋಡುತ್ತೇನೆ.