ಬಿಸಿಲಲ್ಲಿ ಡೆಲಿವರಿ: 304 ಹೋಗಿ 403 ಆದಾಗ

ಪ್ರಶ್ನೆ (ರೈಡರ್, ಕಲಬುರಗಿ):
ಡಾಕ್ಟರೇ, ಎರಡು ವರ್ಷದಿಂದ ಊಟದ ಪಾರ್ಸೆಲ್ ಡೆಲಿವರಿ ಮಾಡುತ್ತಿದ್ದೇನೆ. ನಿನ್ನೆ ಮಧ್ಯಾಹ್ನ ಎರಡೂವರೆಗೆ ಒಂದು ಅಪಾರ್ಟ್‌ಮೆಂಟಿಗೆ ಹೋದೆ. ಮೊಬೈಲಲ್ಲಿ 304 ಅಂತ ಇತ್ತು, ನಾನು 403ರ ಬೆಲ್ ಒತ್ತಿದೆ. ನಮ್ಮದಲ್ಲ ಅಂದರು. ಮತ್ತೆ ಫೋನ್ ನೋಡಿದೆ, ಮತ್ತೆ ಅದೇ ಬೆಲ್ ಒತ್ತಿದೆ. ತಲೆ ಸಿಡಿಯುತ್ತಿತ್ತು, ವಾಕರಿಕೆ ಬೇರೆ. ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತು, ವಾಚ್‌ಮನ್ ಕೊಟ್ಟ ನೀರು ಕುಡಿದು, ಆಮೇಲೆ ಇನ್ನೂ ಮೂರು ಆರ್ಡರ್ ಮುಗಿಸಿದೆ. ಬಿಸಿಲು ಬಡಿಯದಿರಲಿ ಅಂತ ಜೇಬಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡಿದ್ದೆ. ಬೆವರು ಬರುತ್ತಲೇ ಇತ್ತಲ್ಲ, ಹಾಗಾದರೆ ಇದು ಬಿಸಿಲಿನ ಹೊಡೆತ ಅಲ್ಲ ಅಂತಾರೆ ಗೆಳೆಯರು. ಹೌದಾ?

ಉತ್ತರ (ಡಾಕ್ಟರ್):
ನಿಮ್ಮ ಮಾತಲ್ಲಿ ನನಗೆ ಭಯ ಹುಟ್ಟಿಸಿದ್ದು ತಲೆನೋವಲ್ಲ, ಆ ಬಾಗಿಲು. ಒಮ್ಮೆ ತಪ್ಪು ಬೆಲ್ ಒತ್ತೋದು ಯಾರಿಗಾದರೂ ಆಗುತ್ತೆ. ನಮ್ಮದಲ್ಲ ಅಂದ ಮೇಲೂ ಅಲ್ಲೇ ಹೋದಿರಿ ಅಂದರೆ ಕಾವು ತಲೆಗೆ ಏರಲು ಶುರುವಾಗಿತ್ತು ಅಂತಲೇ ತಿಳಿಯಬೇಕು. ಆಮೇಲೆ ಮೂರು ಆರ್ಡರ್ ಮಾಡಬಾರದಿತ್ತು. ಇವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ, ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿ. ಮೂತ್ರ ಕಡು ಚಹಾ ಬಣ್ಣಕ್ಕೆ ಬಂದಿದ್ದರೆ ಅದನ್ನೂ ಹೇಳಿ.

ಬೆವರಿನ ಮಾತು ತಪ್ಪು. ಮನೆಯಲ್ಲಿ ಕೂತ ವಯಸ್ಸಾದವರಿಗೆ ಬಿಸಿಲು ಬಡಿದಾಗ ಮೈ ಒಣಗಿರುವುದು ಜಾಸ್ತಿ. ಆದರೆ ದುಡಿಯುವ ಹುಡುಗರು ಹೀಟ್ ಸ್ಟ್ರೋಕ್ ಆಗಿ ಬಿದ್ದಾಗಲೂ ಮೈಯೆಲ್ಲ ಬೆವರೇ ಇರಬಹುದು. ನೋಡಬೇಕಾದ್ದು ತಲೆಯನ್ನು. ತೊದಲು, ಸುಮ್ನೆ ಸಿಟ್ಟು, ದಾರಿ ಮರೆಯೋದು, ಕುಡಿದವರ ಥರ ನಡೆಯೋದು. ಹೀಟ್ ಸ್ಟ್ರೋಕ್‌ನಲ್ಲಿ ಸಾಮಾನ್ಯವಾಗಿ ಒಳಗಿನ ಕಾವು 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತೆ. ಕಷ್ಟ ಏನಂದರೆ, ತಲೆ ಕೆಟ್ಟವನಿಗೆ ತನ್ನ ತಲೆ ಕೆಟ್ಟಿದೆ ಅಂತ ಗೊತ್ತಾಗಲ್ಲ. ‘ನಾನು ಆರಾಮಿದ್ದೀನಿ’ ಅಂತಲೇ ಹೇಳುತ್ತಾನೆ. ಅವನ ಮಾತು ನಂಬಬೇಡಿ.

ಉಳ್ಳಾಗಡ್ಡಿ ಊಟಕ್ಕೆ ಒಳ್ಳೇದು. ಜೇಬಲ್ಲಿದ್ದರೆ ಕೆಲಸ ಮಾಡಲ್ಲ. ಅದಿದೆ ಅನ್ನೋ ಧೈರ್ಯದಲ್ಲಿ ಇನ್ನೊಂದು ಆರ್ಡರ್ ತಗೊಳ್ಳಬೇಡಿ.

ಪ್ರಶ್ನೆ (ಅದೇ ರೈಡರ್):
ಗಾಡಿ ಓಡಿಸುವಾಗ ಗಾಳಿ ಬಡಿಯುತ್ತಲ್ಲ ಸರ್, ಮೈ ತಣ್ಣಗಾಗಲ್ವಾ?

ಉತ್ತರ:
ನಮ್ಮ ಚರ್ಮದ ಕಾವು ಸುಮಾರು 35 ಡಿಗ್ರಿ. ಹೊರಗೆ 42, 43 ಇದ್ದಾಗ ಬಡಿಯುವ ಗಾಳಿ ಕಾವನ್ನು ಮೈಗೇ ತುಂಬುತ್ತೆ. ಆಗ ತಣ್ಣಗಾಗಲು ಬೆವರು ಆರೋದೊಂದೇ ದಾರಿ. ಗಾಳಿಗೆ ಬೆವರು ಕೂಡಲೇ ಆರಿಬಿಡುತ್ತೆ, ಎಷ್ಟು ನೀರು ಹೋಯಿತು ಅಂತ ಗೊತ್ತೇ ಆಗಲ್ಲ. ಸಂಜೆ ನಿಮ್ಮ ಟೀ ಶರ್ಟಿನ ಬೆನ್ನು ನೋಡಿ. ಬಿಳಿ ಗೆರೆ ಇದೆಯಾ? ಅದು ನಿಮ್ಮ ಮೈಯಿಂದ ಹೋದ ಉಪ್ಪು.

ಬಾಯಾರುವವರೆಗೆ ಕಾಯಬೇಡಿ. ಬಿಸಿಲಲ್ಲಿ ಇರುವಷ್ಟು ಹೊತ್ತು 15-20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ 250 ಎಂಎಲ್ ಹತ್ತಿರ. ಗಂಟೆಗೆ ಸುಮಾರು 1.4 ಲೀಟರ್ ಮೀರಬಾರದು, ಬರೀ ನೀರು ಅತಿಯಾದರೂ ರಕ್ತದ ಉಪ್ಪು ಇಳಿಯುತ್ತೆ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ತುಂಬಾ ಒಳ್ಳೇದು. ಓಆರ್‌ಎಸ್ ಬೇಕಾದರೆ ಮೆಡಿಕಲ್ ಶಾಪಲ್ಲಿ ಡಬ್ಲ್ಯೂಎಚ್‌ಒ ಫಾರ್ಮುಲಾ ಅಂತ ಬರೆದ ಪುಡಿ ಕೇಳಿ, ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ. ಹೆಸರಲ್ಲಿ ಓಆರ್‌ಎಸ್ ಇಟ್ಟುಕೊಂಡು ಬರೀ ಸಕ್ಕರೆ ನೀರು ಮಾರುತ್ತಿದ್ದರು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಅದನ್ನು ನಿಲ್ಲಿಸಲು ಹೇಳಿತು. ಎನರ್ಜಿ ಡ್ರಿಂಕ್ ಬೇಡವೇ ಬೇಡ.

ಪ್ರಶ್ನೆ (ರೈಡರ್, ಮಂಗಳೂರು):
ನಮ್ಮಲ್ಲಿ 35 ದಾಟೋದೇ ಅಪರೂಪ. ಆದರೂ ಮಧ್ಯಾಹ್ನದ ಹೊತ್ತಿಗೆ ಕಾಲು ಹಿಡಿದುಕೊಳ್ಳುತ್ತೆ, ಸುಸ್ತು.

ಉತ್ತರ:
ಕಲಬುರಗಿಯ ಒಣಗಾಳಿಗೆ ಬೆವರು ಆರುತ್ತೆ, ನಿಮ್ಮಲ್ಲಿ ಗಾಳಿಯಲ್ಲೇ ತೇವ ಜಾಸ್ತಿ, ಬೇಗ ಆರಲ್ಲ. ತೊಟ್ಟಿಕ್ಕಿ ಬಿದ್ದ ಬೆವರು ಮೈ ತಂಪು ಮಾಡಲ್ಲ. ಹಾಗಾಗಿ ಕರಾವಳಿಯ 35ನ್ನು ಹಗುರವಾಗಿ ನೋಡಬೇಡಿ. ಕಾಲು ಹಿಡಿದರೆ ನೆರಳಲ್ಲಿ ಕೂತು, ಓಆರ್‌ಎಸ್ ಕುಡಿದು, ಮೆಲ್ಲಗೆ ನೀವಿ. ಒಂದು ಗಂಟೆಯಾದರೂ ಬಿಡದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ (ಮಹಿಳಾ ರೈಡರ್, ಬೆಂಗಳೂರು):
ನೀರು ಕುಡಿಯಿರಿ ಅಂತೀರಿ. ಶೌಚಾಲಯ ಎಲ್ಲಿದೆ? ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಅರ್ಧ ಬಾಟಲಿಯಲ್ಲೇ ಇರ್ತೀನಿ. ಪಾರ್ಸೆಲ್ ತಗೊಳ್ಳುವ ಹೋಟೆಲಲ್ಲೇ ಬಾತ್‌ರೂಮ್ ಕೊಡಲ್ಲ ಅಂದಿದ್ದಾರೆ.

ಉತ್ತರ:
ಓದಿ ಬೇಜಾರಾಯಿತು. ಇದು ನಿಮ್ಮ ತಪ್ಪಲ್ಲ, ನಾವು ನೀರು ಕುಡಿಯಿರಿ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಅರ್ಧ ಬಾಟಲಿಯಲ್ಲಿದ್ದರೆ ಉರಿಮೂತ್ರ, ಕಿಡ್ನಿ ಕಲ್ಲು, ಮೇಲೆ ಬಿಸಿಲಿನ ಹೊಡೆತ, ಮೂರೂ ಬರಬಹುದು. ಪೆಟ್ರೋಲ್ ಬಂಕ್‌ಗಳು ಶೌಚಾಲಯ ಮತ್ತು ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು, ಅದು ನಿಯಮ. ಪೆಟ್ರೋಲ್ ಹಾಕಿಸದಿದ್ದರೂ ಕೇಳಿ. ನಿಮ್ಮ ಏರಿಯಾದಲ್ಲಿ ಸ್ವಚ್ಛವಾಗಿರುವ ನಾಲ್ಕು ಬಂಕ್ ಗುರುತು ಮಾಡಿ, ಇಲ್ಲೂ ಬರೆಯಿರಿ. ಬೇರೆ ಹೆಣ್ಣುಮಕ್ಕಳಿಗೂ ಬೇಕಾಗುತ್ತೆ.

ಪ್ರಶ್ನೆ (ರೈಡರ್ ಒಬ್ಬರ ಹೆಂಡತಿ, ರಾಯಚೂರು):
ನಮ್ಮವರಿಗೆ ಬಿಪಿ ಮಾತ್ರೆ ಇದೆ. ತಗೊಂಡರೆ ಮೂತ್ರ ಜಾಸ್ತಿ. ಬೇಸಿಗೆಯಲ್ಲಿ ನಿಲ್ಲಿಸಲಾ?

ಉತ್ತರ:
ನೀವಾಗಿ ನಿಲ್ಲಿಸಬೇಡಿ. ಮಾತ್ರೆಯ ಚೀಟಿ ಹಿಡಿದು, ಬರೆದುಕೊಟ್ಟ ಡಾಕ್ಟರಿಗೆ ‘ಇವರು ದಿನವಿಡೀ ಬಿಸಿಲಲ್ಲಿ ಗಾಡಿ ಓಡಿಸ್ತಾರೆ’ ಅಂತ ಹೇಳಿ. ಅದು ಗೊತ್ತಾದರೆ ಅವರು ಮಾತ್ರೆಯನ್ನೋ ಪ್ರಮಾಣವನ್ನೋ ಬದಲಿಸಬಹುದು. ನೀರು ಎಷ್ಟು ಕುಡಿಯಬೇಕು ಅಂತಲೂ ಅವರನ್ನೇ ಕೇಳಿ.

ಪ್ರಶ್ನೆ (ಕಲಬುರಗಿಯ ರೈಡರ್):
ಯಾರಾದರೂ ಕಣ್ಣೆದುರೇ ಬಿದ್ದರೆ ಮೊದಲು ಏನು ಮಾಡಬೇಕು?

ಉತ್ತರ:
ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಆಗಲೇ ನೀರು ಸುರಿಯಲಿ. ಒಮ್ಮೆ ನಮ್ಮಲ್ಲಿಗೆ ಒಬ್ಬ ಹುಡುಗನನ್ನು ಆಟೋದಲ್ಲಿ ತಂದರು. ಜಾಕೆಟ್ಟಿನ ಜಿಪ್ ಕುತ್ತಿಗೆವರೆಗೂ ಏರಿಸಿತ್ತು, ಕಾಲಲ್ಲಿ ಶೂ. ಗೆಳೆಯರು ಜೀವ ಕೈಯಲ್ಲಿ ಹಿಡಿದು ಓಡಿ ಬಂದಿದ್ದರು, ಆದರೆ ದಾರಿಯುದ್ದಕ್ಕೂ ಅವನ ಮೈ ಬೇಯುತ್ತಲೇ ಇತ್ತು. ಅವನು ಬದುಕಿದ, ಆದರೆ ಕಿಡ್ನಿಗೆ ಪೆಟ್ಟು ಬಿದ್ದು ಹಲವು ದಿನ ಡಯಾಲಿಸಿಸ್ ಬೇಕಾಯಿತು.

ಹಾಗಾಗಿ ಹೆಲ್ಮೆಟ್, ಜಾಕೆಟ್, ಶೂ ತೆಗೆಯಿರಿ. ನೆರಳಿಗೆ ಎಳೆಯಿರಿ. ಯಾವ ನೀರಾದರೂ ಸರಿ, ಮೈಮೇಲೆ ಸುರಿಯುತ್ತಲೇ ಇರಿ, ರಟ್ಟಿನಿಂದ ಗಾಳಿ ಬೀಸಿ. ಪಕ್ಕದ ಜ್ಯೂಸ್ ಅಂಗಡಿಯಲ್ಲಿ ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಇಡಿ. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಿಗೆ ಮಲಗಿಸಿ. ಜ್ವರದ ಮಾತ್ರೆ ಈ ಕಾವನ್ನು ಇಳಿಸಲ್ಲ.

ಪ್ರಶ್ನೆ (ಅದೇ ರೈಡರ್):
ಆಸ್ಪತ್ರೆಗೆ ಹೋಗಿ ಬಂದೆ ಸರ್. ನಾಲ್ಕು ದಿನ ಬಿಸಿಲು ಬೇಡ ಅಂದರು. ನಾವು ಐದು ಜನ ಒಂದು ಗ್ರೂಪ್ ಮಾಡಿದ್ದೇವೆ, ಮಧ್ಯಾಹ್ನ ಎರಡು ಗಂಟೆಗೆ ಒಬ್ಬರಿಗೊಬ್ಬರು ಫೋನ್ ಮಾಡೋದು ಅಂತ.

ಉತ್ತರ:
ತುಂಬಾ ಸಂತೋಷ. ‘ಹೇಗಿದ್ದೀಯಾ’ ಅಂತ ಕೇಳಬೇಡಿ, ಎಲ್ಲರೂ ಆರಾಮ ಅಂತಲೇ ಅಂತಾರೆ. ಕೊನೆಯ ಆರ್ಡರಿನ ಮನೆ ನಂಬರ್ ಕೇಳಿ. ತಡವರಿಸಿದರೆ ಗಾಡಿ ನಿಲ್ಲಿಸಿ ನೆರಳಲ್ಲಿ ಕೂರಲು ಹೇಳಿ, ಹತ್ತಿರ ಇದ್ದವರು ನೀರು ಹಿಡಿದು ಹೋಗಿ.